ಈಜುಕೊಳದ ಪಾಚಿಗೆ ಫಾಸ್ಫೇಟ್ ಒಂದೇ ಕಾರಣವೇ?

ಮನೆಯ ಈಜುಕೊಳದ ನೀರು ಹಸಿರಾಯಿತೆಂದರೆ ಈಗ ಅಂಗಡಿಯವರು ಹೇಳುವ ಕಾರಣಗಳಲ್ಲಿ ಫಾಸ್ಫೇಟಿಗೆ ಮುಂಚೂಣಿಯ ಸ್ಥಾನವಿದೆ. ಪರೀಕ್ಷೆಯ ಕಿಟ್‌ನಲ್ಲಿ ನೀಲಿ ಬಣ್ಣ ಗಾಢವಾಗಿ ಕಂಡರೆ ಸಾಕು, ಫಾಸ್ಫೇಟ್ ತೆಗೆಯುವ ದ್ರಾವಣದ ಬಾಟಲಿಯೂ ಜತೆಗೇ ಬರುತ್ತದೆ. ಬೆಂಗಳೂರಿನ ಹೊರವಲಯದ ವಿಲ್ಲಾ ಇರಲಿ, ಕೊಡಗಿನ ಹೋಂಸ್ಟೇ ಇರಲಿ, ಕೊಳ ಇಟ್ಟುಕೊಂಡವರು ಈ ಖರ್ಚಿಗೆ ಮುನ್ನ ಒಂದು ಮಾತು ಯೋಚಿಸಬೇಕು. ಫಾಸ್ಫೇಟ್ ಪರೀಕ್ಷೆ ಉಪಯುಕ್ತವೇ. ಆದರೆ ಅದಕ್ಕೆ ಸಲ್ಲಬೇಕಾದದ್ದು ಎರಡನೆಯ ಸಾಲು. ಮೊದಲ ಸಾಲಿನಲ್ಲಿ ಕೂರಬೇಕಾದದ್ದು ಕ್ಲೋರಿನ್.

ಫಾಸ್ಫೇಟ್ ಪಾಚಿಗೆ ಆಹಾರವೆಂಬುದು ಕಟ್ಟುಕಥೆಯಲ್ಲ. 1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯ ತಂಡ ‘226’ ಸಂಖ್ಯೆಯ ಸರೋವರವನ್ನು ಪರದೆ ಕಟ್ಟಿ ಎರಡು ಪಾಲು ಮಾಡಿತು. ಒಂದು ಪಾಲಿಗೆ ಇಂಗಾಲ ಮತ್ತು ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜತೆ ಫಾಸ್ಫೇಟಿನ ಮೂಲಧಾತುವಾದ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಪಾಲು ಮಾತ್ರ ಪಾಚಿಯಿಂದ ಹಸಿರುಗಟ್ಟಿತು. ಮನೆಯ ಕೊಳಕ್ಕೂ ಫಾಸ್ಫೇಟ್ ಹಲವು ದಾರಿಗಳಿಂದ ಬಂದು ಸೇರುತ್ತದೆ: ಮಳೆಯಲ್ಲಿ ಹರಿದುಬರುವ ತೋಟದ ಗೊಬ್ಬರ, ಕೊಳೆಯುವ ಎಲೆ, ಹಕ್ಕಿಯ ಹಿಕ್ಕೆ, ಧೂಳು, ಈಜುವವರ ಬೆವರು. ಕಲೆ ಕಟ್ಟದಂತೆ ಹಾಕುವ ಕೆಲವು ರಾಸಾಯನಿಕಗಳಲ್ಲಿ ಫಾಸ್ಫೋನೇಟ್ ಇರುತ್ತದೆ; ಅದೂ ಕ್ರಮೇಣ ಒಡೆದು ಫಾಸ್ಫೇಟಾಗುತ್ತದೆ.

ಪರೀಕ್ಷೆಯ ಹಿಂದಿರುವ ರಸಾಯನಶಾಸ್ತ್ರ ಸರಳ. ಆಮ್ಲೀಯ ಮಾಲಿಬ್ಡೇಟ್ ನೀರಿನ ಫಾಸ್ಫೇಟಿನೊಡನೆ ಕೂಡಿ ಒಂದು ಸಂಯುಕ್ತವಾಗುತ್ತದೆ; ಆಸ್ಕಾರ್ಬಿಕ್ ಆಮ್ಲದಂಥ ವಸ್ತು ಅದನ್ನು ನೀಲಿಯಾಗಿಸುತ್ತದೆ. ಫಾಸ್ಫೇಟ್ ಹೆಚ್ಚಿದಷ್ಟೂ ನೀಲಿ ಗಾಢ. ಅಳತೆ ಪಿಪಿಬಿಯಲ್ಲಿ, ಅಂದರೆ ನೂರು ಕೋಟಿ ಭಾಗಕ್ಕೆ ಎಷ್ಟು ಭಾಗ ಎಂಬ ಲೆಕ್ಕದಲ್ಲಿ. 1000 ಪಿಪಿಬಿ ಎಂದರೆ ಲೀಟರಿಗೆ 1 ಮಿಲಿಗ್ರಾಂ. ಇಷ್ಟು ಸೂಕ್ಷ್ಮ ಅಳತೆ ಸುಲಭವಾಗಿ ದಾರಿ ತಪ್ಪುತ್ತದೆ. ಪರೀಕ್ಷೆಯ ಕೊಳವೆಯನ್ನು ಸೋಪಿನಲ್ಲಿ ತೊಳೆದರೆ ಸೋಪಿನ ಫಾಸ್ಫೇಟೇ ಲೆಕ್ಕಕ್ಕೆ ಸೇರಬಹುದು. ಕೊಳದ ನೀರಿನಲ್ಲೇ ಎರಡು ಮೂರು ಸಲ ಜಾಲಿಸುವುದು ಲೇಸು. ಮಾದರಿಯನ್ನು ಮೇಲ್ಮೈಯಿಂದ ತೆಗೆಯದೆ ಮೊಣಕೈ ಆಳದಿಂದ ತೆಗೆಯಬೇಕು. ಬಣ್ಣ ಪಟ್ಟಿಯ ಕೊನೆ ಮುಟ್ಟಿದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ ಮತ್ತೆ ಅಳೆದು, ಬೆರೆಸಿದಷ್ಟು ಪಟ್ಟು ಗುಣಿಸಬೇಕು. ವರದಿ ರಂಜಕದ ಲೆಕ್ಕದಲ್ಲಿದೆಯೋ ಫಾಸ್ಫೇಟಿನ ಲೆಕ್ಕದಲ್ಲಿದೆಯೋ ಎಂಬುದನ್ನೂ ನೋಡಬೇಕು. ಎರಡಕ್ಕೂ ಸುಮಾರು ಮೂರು ಪಟ್ಟಿನ ವ್ಯತ್ಯಾಸವಿದೆ. ಇನ್ನೊಂದು ಮೋಸವೂ ಉಂಟು. ನೀರಿನಲ್ಲಿ ಕರಗಿದ ಫಾಸ್ಫೇಟನ್ನಷ್ಟೇ ಈ ಕಿಟ್ ಅಳೆಯುತ್ತದೆ. ಪಾಚಿ ಆಗಲೇ ಹೀರಿಕೊಂಡದ್ದು ಅದಕ್ಕೆ ಕಾಣದು. ಹಾಗಾಗಿ ಹಸಿರುಗಟ್ಟಿದ ಕೊಳದಲ್ಲಿ ಸಂಖ್ಯೆ ಕಡಿಮೆ ಬಂದರೂ ಆಶ್ಚರ್ಯವಿಲ್ಲ.

ಫಾಸ್ಫೇಟ್ 500 ಪಿಪಿಬಿ ದಾಟಬಾರದು, ಸಾಧ್ಯವಾದರೆ 100ರೊಳಗಿರಲಿ ಎಂಬ ಸಲಹೆ ಈ ವ್ಯಾಪಾರದಲ್ಲಿ ಸಾಮಾನ್ಯ. ಇದನ್ನು ಅಮೆರಿಕದ ನಲ್ಲಿ ನೀರಿನ ಪಕ್ಕದಲ್ಲಿಟ್ಟು ನೋಡಿ. ಹಳೆಯ ಕೊಳವೆಗಳಿಂದ ಸೀಸ ಕರಗದಿರಲೆಂದು ಅಲ್ಲಿನ ಅನೇಕ ನಗರಗಳು ಕುಡಿಯುವ ನೀರಿಗೆ ಫಾಸ್ಫೇಟನ್ನು ಬೇಕೆಂದೇ ಬೆರೆಸುತ್ತವೆ. ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 1ರಿಂದ 3 ಮಿಲಿಗ್ರಾಂ. 2014ರಲ್ಲಿ ನೀರಿನ ಮೂಲ ಬದಲಿಸಿದ ಫ್ಲಿಂಟ್ ನಗರ ಇಂಥ ರಕ್ಷಣೆ ಇಲ್ಲದೆ ನೀರು ಕೊಟ್ಟದ್ದರಿಂದಲೇ ಅಲ್ಲಿ ಸೀಸದ ದುರಂತ ನಡೆಯಿತು. ಅಂದರೆ ಫಾಸ್ಫೇಟ್ ಬೆರೆಸಿದ ನಲ್ಲಿ ನೀರು ತುಂಬಿದ ಕೊಳ ಮೊದಲ ದಿನವೇ 1000 ಪಿಪಿಬಿ ದಾಟಿರುತ್ತದೆ. ಆದರೂ ಕ್ಲೋರಿನ್ ಸರಿಯಾಗಿದ್ದರೆ ಅದು ತಿಳಿಯಾಗಿಯೇ ಇರುತ್ತದೆ. ಸರೋವರಕ್ಕೂ ಈಜುಕೊಳಕ್ಕೂ ಇರುವ ವ್ಯತ್ಯಾಸ ಇದೇ: ಸರೋವರದಲ್ಲಿ ಪಾಚಿಯನ್ನು ಕೊಲ್ಲುವ ಕ್ಲೋರಿನ್ ಇಲ್ಲ.

ಫಾಸ್ಫೇಟ್ ಕ್ಲೋರಿನನ್ನೇ ತಿಂದುಹಾಕುತ್ತದಲ್ಲ ಎಂಬ ಆಕ್ಷೇಪ ಕೇಳಿಬರುತ್ತದೆ. ರಸಾಯನಶಾಸ್ತ್ರ ಅದನ್ನು ಒಪ್ಪದು. ಫಾಸ್ಫೇಟಿನಲ್ಲಿ ರಂಜಕ ಆಗಲೇ ಪೂರ್ತಿ ಉತ್ಕರ್ಷಣಗೊಂಡಿರುವುದರಿಂದ ಅದನ್ನು ಇನ್ನೂ ಉತ್ಕರ್ಷಿಸಲು ಕ್ಲೋರಿನ್ ಖರ್ಚಾಗುವ ಪ್ರಶ್ನೆಯೇ ಇಲ್ಲ. ಕ್ಲೋರಿನ್ ಖರ್ಚಾಗುವುದು ಬಿಸಿಲಿಗೆ, ಬೆವರಿಗೆ, ಜೀವಂತ ಪಾಚಿಗೆ. ಮುನ್ನೆಚ್ಚರಿಕೆಯಾಗಿ ಫಾಸ್ಫೇಟ್ ತೆಗೆದುಬಿಟ್ಟರೆ ತಪ್ಪೇನು ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. ವಾರಗಟ್ಟಲೆ ಊರಲ್ಲಿರದವರಿಗೆ, ಪಂಪು ಕೆಟ್ಟು ನಿಂತ ಕೊಳಕ್ಕೆ, ಪೋಷಕಾಂಶ ಕಡಿಮೆಯಿದ್ದಷ್ಟೂ ಪಾಚಿಯ ಬೆಳವಣಿಗೆ ನಿಧಾನವಾಗಬಹುದು. ಆದರೆ ದ್ರಾವಣದಲ್ಲಿರುವ ಲ್ಯಾಂಥನಮ್ ಫಾಸ್ಫೇಟಿನೊಡನೆ ಸೇರಿ ಕರಗದ ಪುಡಿಯಾಗುತ್ತದೆ. ನೀರು ಮಸುಕಾಗಿ, ಫಿಲ್ಟರ್ ಕಟ್ಟಿಕೊಂಡು, ಬ್ಯಾಕ್‌ವಾಶ್ ಮಾಡಬೇಕಾಗುತ್ತದೆ. ಇರುವ ಪಾಚಿ ಅದರಿಂದ ಸಾಯುವುದಿಲ್ಲ. ಮುಂದಿನ ಮಳೆಗೋ ಹೊಸ ನೀರಿಗೋ ಫಾಸ್ಫೇಟ್ ಮತ್ತೆ ಹಾಜರು.

ಆದ್ದರಿಂದ ನೀರು ಹಸಿರಾದರೆ ಮೊದಲು ಕ್ಲೋರಿನ್, ಪಿಎಚ್ ಮತ್ತು ಕ್ಲೋರಿನನ್ನು ಬಿಸಿಲಿನಿಂದ ಕಾಯುವ ಸಯನ್ಯೂರಿಕ್ ಆಮ್ಲ ಅಳೆಯಿರಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುವಂತೆ ಕ್ಲೋರಿನ್ ಕನಿಷ್ಠ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ), ಸಯನ್ಯೂರಿಕ್ ಆಮ್ಲ ಬಳಸುವ ಕೊಳದಲ್ಲಿ ಕನಿಷ್ಠ 2 ಪಿಪಿಎಂ ಇರಬೇಕು. ಟ್ರೈಕ್ಲೋರ್ ಮಾತ್ರೆಗಳಿಂದ 10 ಪಿಪಿಎಂ ಕ್ಲೋರಿನ್ ಸೇರಿದಾಗಲೆಲ್ಲ ಸುಮಾರು 6 ಪಿಪಿಎಂ ಸಯನ್ಯೂರಿಕ್ ಆಮ್ಲವೂ ಉಳಿಯುತ್ತದೆ. ಅದು ಅತಿಯಾದರೆ ಕ್ಲೋರಿನ್ ಇದ್ದೂ ಕೈಕಟ್ಟಿ ಕೂರುತ್ತದೆ. ಇವೆಲ್ಲ ಸರಿಯಿದ್ದು, ಫಿಲ್ಟರ್ ನೆಟ್ಟಗೆ ಓಡುತ್ತಿದ್ದು, ಪಾಚಿ ಮತ್ತೆ ಮತ್ತೆ ಮರುಕಳಿಸಿದರೆ ಆಗ ಫಾಸ್ಫೇಟ್ ಪರೀಕ್ಷೆ ಮಾಡಿ. ಕೊಳದ ನೀರಿನ ಜತೆಗೆ ತುಂಬಿಸುವ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರನ್ನೂ ಪರೀಕ್ಷಿಸಿದರೆ ಫಾಸ್ಫೇಟ್ ಎಲ್ಲಿಂದ ಬರುತ್ತಿದೆ ಎಂಬುದು ತಿಳಿಯುತ್ತದೆ. ಮೂಲ ಗೊತ್ತಾದ ಮೇಲೆ ಗೊಬ್ಬರದ ನೀರು ಕೊಳಕ್ಕೆ ಹರಿಯದಂತೆ ಒಡ್ಡು ಹಾಕುವುದೇ ಬಾಟಲಿಗಿಂತ ಅಗ್ಗದ ಉಪಾಯ.