ಗಂಗೆದೊಗಲು

ಹಸುವಿನ ಕೊರಳಡಿ ಜೋಲುವ ಚರ್ಮಕ್ಕೆ ಗಂಗೆದೊಗಲೆಂದು ಹೆಸರಿಟ್ಟವರು ಅದನ್ನು ಮುಟ್ಟಿ ಬಲ್ಲವರೇ ಆಗಿರಬೇಕು. ಅಲ್ಲಿ ಅಂಗೈಯಿಂದ ಮೆಲ್ಲನೆ ಸವರಿದರೆ ಹಸು ಕತ್ತನ್ನು ನೀಳವಾಗಿ ಚಾಚುತ್ತದೆ, ಕಿವಿಗಳು ಜೋತುಬೀಳುತ್ತವೆ. ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿಯೂ ಕಂಡುದು ಇದನ್ನೇ. ಹಸುಗಳು ಒಂದನ್ನೊಂದು ನೆಕ್ಕುವ ಎಡೆಗಳಲ್ಲಿ ಕತ್ತೂ ಒಂದು. ಅಲ್ಲಿ ಆಡುವ ಕೈ ಅವುಗಳಿಗೆ ನಾಲಗೆಯಂತೆ ತೋರುವುದೋ ಏನೋ! ಬೆಕ್ಕಿಗಾದರೆ ಕೆನ್ನೆ, ಗದ್ದಗಳು ಪ್ರಿಯ. ಬಾಲದ ಬುಡ ಅಪ್ರಿಯ.

ಕರುವನ್ನು ಕಳೆದುಕೊಂಡ ಚೊಚ್ಚಲ ಹಸುವೊಂದು ನಮ್ಮ ಕೊಟ್ಟಿಗೆಯಲ್ಲಿತ್ತು. ಹತ್ತಿರ ಹೋದವರನ್ನೆಲ್ಲ ಒದೆಯುತ್ತಿತ್ತು. ಕಾಲು ಕಟ್ಟಿ ಕರೆದರೂ ಪಾವು ಹಾಲು ಬರುತ್ತಿರಲಿಲ್ಲ. ಬರುವುದಾದರೂ ಹೇಗೆ? ಹಾಲಿಳಿಸುವುದು ಆಕ್ಸಿಟೋಸಿನ್ ಎಂಬ ರಸ. ಬೆದರಿದ ದೇಹದಲ್ಲಿ ಉಕ್ಕುವ ಅಡ್ರಿನಲಿನ್ ಅದಕ್ಕೆ ಅಡ್ಡ ನಿಲ್ಲುತ್ತದೆ. ಸಂತೆಗೆ ಹೊಡೆಯುವುದೆಂದು ತಂದೆ ನಿಶ್ಚಯಿಸಿದರು. ಅಜ್ಜಿ ಒಂದು ವಾರದ ಗಡುವು ಬೇಡಿ, ಕಾಲಿನ ಹಗ್ಗವನ್ನು ಅಂದೇ ಬಿಚ್ಚಿಸಿದರು.

ಎದುರಿಗೂ ಅಲ್ಲ, ಹಿಂದೆಯೂ ಅಲ್ಲ, ಪಕ್ಕದಲ್ಲಿ ನಿಲ್ಲುವರು. ಮೊದಲು ಹೆಗಲು, ಬಳಿಕ ಕತ್ತು, ಕಡೆಗೆ ಗಂಗೆದೊಗಲು. ತಟ್ಟುತ್ತಿರಲಿಲ್ಲ, ಕೆರೆಯುತ್ತಿರಲಿಲ್ಲ, ನಿಧಾನವಾಗಿ ಸವರುವುದಷ್ಟೆ. ಹಸು ಹೆಜ್ಜೆ ಸರಿಸಿದೊಡನೆ ಕೈ ತೆಗೆದುಬಿಡುವರು. ಇನ್ನಷ್ಟು ಸವರಿರೆಂದು ನಾನು ಅವಸರಪಡಿಸಿದರೆ, “ಅದಕ್ಕೆ ಬೇಕಾದಾಗ ಅದೇ ಬರತ್ತೆ, ಬಿಡೋ ಮಗು” ಎನ್ನುವರು. ಹೀಗೆ ಕೈ ತೆಗೆಯುವುದರಲ್ಲಿಯೇ ಈ ವಿದ್ಯೆಯ ಮರ್ಮವಿದೆಯೆಂದು ನನ್ನ ನಂಬಿಕೆ. ಒಲ್ಲೆನೆನ್ನಲು ಎಡೆಯಿರುವ ಪ್ರಾಣಿ ಮಾತ್ರವೇ ಒಲಿದು ಬರಬಲ್ಲುದು. ಐದನೆಯ ಸಂಜೆ ಹಸು ತಾನಾಗಿ ಕೊರಳನ್ನು ಅಜ್ಜಿಯ ಹೆಗಲಿಗೆ ಒರಗಿಸಿತು.

ಸಂತೆಯ ಬೆಳಿಗ್ಗೆ ತಂದೆ ಕೊಟ್ಟಿಗೆಗೆ ಬಂದಾಗ ಚೊಂಬು ನೊರೆಯೇರಿ ತುಂಬಿತ್ತು. ಅವರು ಮಾತನಾಡದೆ, ಕೈಯಲ್ಲಿದ್ದ ಹಗ್ಗವನ್ನು ಗೂಟಕ್ಕೆ ಸುತ್ತಿ ಹೊರಟುಹೋದರು.