ವಾಮನದಾದಾ ಕರ್ಡಕರ ಅಂಕಿತ

ನಾಸಿಕದಿಂದ ಹಿಡಿದು ಛತ್ರಪತಿ ಸಂಭಾಜಿನಗರದವರೆಗಿನ ಸೀಮೆಯಲ್ಲಿ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಬಂತೆಂದರೆ ಭೀಮಗೀತೆಗಳದೇ ಸದ್ದು. ಅಂಬೇಡ್ಕರರನ್ನು ಕುರಿತ ಈ ಮರಾಠಿ ಹಾಡುಗಳು ಯಾವ ಸಿನಿಮಾ ಹಾಡಿಗೂ ಕಡಿಮೆಯಿಲ್ಲದಂತೆ ಜನಪ್ರಿಯ. ಇವುಗಳಲ್ಲಿ ಬಹಳಷ್ಟನ್ನು ಕಟ್ಟಿದವರು ನಾಸಿಕ ಜಿಲ್ಲೆಯ ವಾಮನದಾದಾ ಕರ್ಡಕ.

ಈ ಹಾಡಿನ ತಾಯಿಬೇರು ಜಲ್ಸಾ. 1873ರಲ್ಲಿ ಜ್ಯೋತಿರಾವ್ ಫುಲೆ ಸ್ಥಾಪಿಸಿದ ಸತ್ಯಶೋಧಕ ಸಮಾಜದ ಅನುಯಾಯಿಗಳು ತಮಾಷಾ ಆಟವನ್ನೇ ತಿದ್ದಿ ಜಲ್ಸಾ ಮಾಡಿಕೊಂಡರು. ತಮಾಷಾದಲ್ಲಿ ಮೊದಲು ಗಣಪತಿ ಸ್ತುತಿ, ಆಮೇಲೆ ಕೃಷ್ಣ ಮತ್ತು ಗೌಳಗಿತ್ತಿಯರ ಸರಸ, ಲಾವಣಿ, ಕೊನೆಗೆ ‘ವಗ’ ಎಂಬ ನಾಟಕ. ಅಂಬೇಡ್ಕರರ ಚಳವಳಿಯ ಜಲ್ಸಾದವರೂ ಇದೇ ಹಂದರದಲ್ಲಿ ಬೇರೆ ಬಳ್ಳಿ ಹಬ್ಬಿಸಿದರು. ಮಕ್ಕಳನ್ನು ಶಾಲೆಗೆ ಕಳಿಸುವುದು, ಹೆಂಡ ಬಿಡುವುದು, ಸತ್ತ ದನ ಹೊರುವುದಿಲ್ಲವೆಂದು ಹೇಳುವುದು ಹಾಡಿನ ವಸ್ತುವಾದವು. 1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ಮಂದಿರದ ಮುಂದೆ ದಲಿತರ ಪ್ರವೇಶಕ್ಕಾಗಿ ಸತ್ಯಾಗ್ರಹ ಶುರುವಾಯಿತು. 1935ರ ಅಕ್ಟೋಬರ್‌ನಲ್ಲಿ ಇದೇ ಜಿಲ್ಲೆಯ ಯೇವಲೆಯಲ್ಲಿ ಅಂಬೇಡ್ಕರರು ಹಿಂದೂವಾಗಿ ಸಾಯುವುದಿಲ್ಲವೆಂದು ಸಾರಿದರು. ಓದಲು ಬಾರದ ಕೇರಿಗಳಿಗೆ ಈ ಸುದ್ದಿಯನ್ನು ಮುಟ್ಟಿಸಿದ್ದು ಜಲ್ಸಾ ತಂಡ ಕಟ್ಟಿದ್ದ ಭೀಮರಾವ್ ಕರ್ಡಕರಂಥವರು. ತಮ್ಮ ಹತ್ತು ಭಾಷಣಗಳಿಗೆ ಒಂದು ಜಲ್ಸಾ ಸಮ ಎಂದು ಅಂಬೇಡ್ಕರರು ಮೆಚ್ಚಿಕೊಂಡಿದ್ದರೆಂದು ಈಗಲೂ ಹೇಳುತ್ತಾರೆ.

ವಾಮನದಾದಾ ಹುಟ್ಟಿದ್ದು 1922ರ ಆಗಸ್ಟ್ 15ರಂದು, ಸಿನ್ನರ ತಾಲ್ಲೂಕಿನ ದೇಶವಂಡಿಯಲ್ಲಿ. ಹೊಟ್ಟೆಪಾಡಿಗೆ ಮುಂಬಯಿ ಸೇರಿ ಚಾಳುಗಳಲ್ಲಿ ಬೆಳೆದವರು, ಅಕ್ಷರ ಕಲಿತಿರಲಿಲ್ಲ. ಒಮ್ಮೆ ಯಾರೋ ಕಾಗದವೊಂದನ್ನು ಮುಂದೆ ಹಿಡಿದು ಓದಿಕೊಡು ಎಂದರು. ಓದಲಾಗದೆ ಕಣ್ಣೀರು ಬಂತು. ಆ ನಾಚಿಕೆಯೇ ಅವರನ್ನು ಅಕ್ಷರಾಭ್ಯಾಸಕ್ಕೆ ಕೂರಿಸಿತು; ಅಂಗಡಿಗಳ ಬೋರ್ಡುಗಳೂ ಪಾಠವಾದವು. 1943ರಲ್ಲಿ ಹಿಂದಿ ಸಿನಿಮಾ ಹಾಡೊಂದರ ಧಾಟಿಗೆ ತಮ್ಮ ಮಾತು ಕೂಡಿಸಿ ಮೊದಲ ಹಾಡು ಬರೆದರು. ಜನರ ಬಾಯಲ್ಲಿ ಆಗಲೇ ಇರುವ ಧಾಟಿಗೆ ಹೊಸ ಮಾತು ಹೊಂದಿಸಿದರೆ ಕೇಳಿದವರು ಅಂದೇ ಹಾಡಿಕೊಂಡು ಮನೆಗೆ ಹೋಗುತ್ತಾರೆ. ಭೀಮಗೀತೆ ಇಷ್ಟು ಬೇಗ ಹರಡಿದ್ದಕ್ಕೆ ಇದು ಮುಖ್ಯ ಕಾರಣ.

1956ರ ಡಿಸೆಂಬರ್ 6ರಂದು ಅಂಬೇಡ್ಕರರು ತೀರಿಕೊಂಡ ಮೇಲೆ ಹಾಡಿನ ರೂಪವೂ ಬದಲಾಯಿತು. ನಾಟಕ ಹಿಂದೆ ಸರಿದು ಗಾಯನ ಪಾರ್ಟಿ ಮುಂದೆ ಬಂತು. ಒಬ್ಬ ಮುಖ್ಯ ಗಾಯಕ, ಪೇಟಿ, ಢೋಲಕಿ, ಪಲ್ಲವಿ ಎತ್ತಿಕೊಳ್ಳುವ ಹಿಮ್ಮೇಳ. ಎರಡು ಪಾರ್ಟಿ ಎದುರುಬದುರಾದರೆ ಕವ್ವಾಲಿ ಧಾಟಿಯ ಸವಾಲ್ ಜವಾಬ್. ಉತ್ತರ ಕರ್ನಾಟಕದ ಗೀಗೀ ಮೇಳಗಳ ಹರದೇಶಿ ನಾಗೇಶಿ ವಾದ ಕೇಳಿದವರಿಗೆ ಇದು ಹೊಸದಲ್ಲ. ಗಾಯಕ ಪ್ರಹ್ಲಾದ ಶಿಂದೆಯವರ ತುಂಬುಕಂಠ ಈ ಶೈಲಿಗೆ ಹೇಳಿ ಮಾಡಿಸಿದಂತಿತ್ತು. 1980ರ ದಶಕದ ಕ್ಯಾಸೆಟ್ ಕಾಲದಲ್ಲಿ ಅವರ ಮಕ್ಕಳಾದ ಆನಂದ, ಮಿಲಿಂದ ಮನೆಮಾತಾದರು. ಈಗ ಮೊಮ್ಮಗ ಆದರ್ಶ ಹಾಡುತ್ತಿದ್ದಾರೆ. ಇನ್ನೊಬ್ಬ ದೊಡ್ಡ ಶಾಹೀರ (ಜನಪದ ಕವಿಗಾಯಕ) ವಿಠ್ಠಲ ಉಮಪ 2010ರಲ್ಲಿ ನಾಗಪುರದ ದೀಕ್ಷಾಭೂಮಿಯ ವೇದಿಕೆಯ ಮೇಲೆಯೇ ಕುಸಿದು ಕೊನೆಯುಸಿರೆಳೆದರು.

ಸಂಭಾಜಿನಗರದಲ್ಲಿ ಹಾಡಿಗೆ ಬೇರೆಯೇ ಕೆಲಸವಿತ್ತು. ಅಂಬೇಡ್ಕರರು 1950ರಲ್ಲಿ ಕಟ್ಟಿದ ಮಿಲಿಂದ ಕಾಲೇಜು ಇಲ್ಲಿದೆ. ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡಬೇಕೆಂಬ ಹೋರಾಟ 1978ರಲ್ಲಿ ರಕ್ತ ಕಂಡು, 1994ರ ಜನವರಿ 14ರಂದು ಗೆದ್ದಿತು. ಅಷ್ಟೂ ವರ್ಷ ಮೆರವಣಿಗೆಗಳ ಜೊತೆ ಹಾಡೂ ನಡೆಯಿತು. ಕನ್ನಡದಲ್ಲಿ ದಲಿತ ಸಂಘರ್ಷ ಸಮಿತಿಯ ಸಭೆಗಳಿಗೆ ಸಿದ್ಧಲಿಂಗಯ್ಯನವರ ಹಾಡುಗಳು ಕೊಟ್ಟ ಕಸುವನ್ನು ನೆನೆದರೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಎದ್ದು ಕಾಣುವುದು ಹಾಡಿದವರ ಮುಖ. ಬರೆದವರು ಮರೆಗೆ ಸರಿಯುತ್ತಾರೆ. ವಾಮನದಾದಾ ಹಾಗೆ ಕಳೆದುಹೋಗಲಿಲ್ಲ. ವಚನಕಾರರಂತೆ, ದಾಸರಂತೆ ಅವರೂ ಅಂಕಿತ ಹಾಕುತ್ತಿದ್ದರು, ಆದರೆ ದೇವರದಲ್ಲ, ತಮ್ಮದೇ ಹೆಸರಿನದು. ಕೊನೆಯ ನುಡಿಯಲ್ಲಿ ‘ವಾಮನ’ ಎಂಬ ಮಾತು ಪ್ರಾಸದೊಳಗೇ ಕೂತಿರುತ್ತದೆ, ಕಿತ್ತರೆ ಸಾಲು ಮುರಿಯುತ್ತದೆ. ಹೀಗಾಗಿ ಯಾರು ಹಾಡಿದರೂ ಅವರ ಹೆಸರು ಹೇಳಲೇಬೇಕು.

2004ರ ಮೇ 15ರಂದು ಅವರು ತೀರಿಕೊಂಡರು. ಸಾವಿರಾರು ಹಾಡು ಕಟ್ಟಿದವರ ಅಚ್ಚಾದ ಸಂಕಲನಗಳು ‘ವಾಟಚಾಲ’, ‘ಮೋಹಳ’ದಂಥ ಕೆಲವೇ. ಉಳಿದವು ಹಳೆಯ ಹಾಡುಗಾರರ ನೋಟ್‌ಬುಕ್ಕಿನಲ್ಲಿ, ನೆನಪಿನಲ್ಲಿ ಇವೆ. ಆ ಕಂಠಗಳು ಇರುವಾಗಲೇ ಅವನ್ನು ಬರೆದಿಟ್ಟುಕೊಳ್ಳಬೇಕು. ಆಯ್ದ ಕೆಲವಾದರೂ ಕನ್ನಡಕ್ಕೆ ಬರಬೇಕು.