ಹಳೆಯ ಲಾರಿಯ ಎಣ್ಣೆಯಲ್ಲಿ ನೀರು

ಗಂಗಾವತಿಯ ಭತ್ತವನ್ನೂ ಕುಷ್ಟಗಿ, ಯಲಬುರ್ಗಾಗಳ ಜೋಳ-ಕಡಲೆಗಳನ್ನೂ ಹೊತ್ತು ಕೊಪ್ಪಳಕ್ಕೆ ಬರುವ ಹಳೆಯ ಲಾರಿ ಎಷ್ಟೋ ಕುಟುಂಬಗಳ ಕಾಯಕಸಾಧನ. ಹೊರಗೆಲ್ಲೂ ಸೋರದೆ ರೇಡಿಯೇಟರಿನ ನೀರು ತಗ್ಗಿ, ಅಳತೆಗೋಲಿನ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಇಂಜಿನ್ ಚಾಲೂ ಮಾಡಬಾರದು. ನೀರು ಬೆರೆತ ಎಣ್ಣೆ ಬೇರಿಂಗುಗಳನ್ನು ರಕ್ಷಿಸಲಾರದು. ರಾತ್ರಿಯಿಡೀ ನಿಂತ ಲಾರಿಯ ಚೇಂಬರಿನ ಬಿರಡೆಯನ್ನು ಮೆಲ್ಲನೆ ಸಡಿಲಿಸಿದರೆ, ತಳದಲ್ಲಿ ಬೇರ್ಪಟ್ಟ ನೀರು ಮೊದಲು ಇಳಿಯುತ್ತದೆ. ಅನಂತರ ಚೇಂಬರ್ ಕಳಚಿ, ರೇಡಿಯೇಟರಿಗೆ ಗಾಳಿಯ ಒತ್ತಡ ಕೊಟ್ಟು ಕೆಳಗಿನಿಂದ ನೋಡಬೇಕು. ನೀರು ಸುತ್ತುವ ಲೈನರಿನ ಬುಡದಲ್ಲಿ ಹನಿ ಕಂಡರೆ ಅದರ ರಬ್ಬರ್ ರಿಂಗು ಸವೆದಿರುತ್ತದೆ. ಕಾಣದಿದ್ದರೆ ಆಯಿಲ್ ಕೂಲರ್, ಹೆಡ್ ಗ್ಯಾಸ್ಕೆಟ್, ಹೆಡ್ಡಿನ ಬಿರುಕು ಇವನ್ನು ಪರೀಕ್ಷಿಸಬೇಕು. ಮೂಲವನ್ನರಿಯದೆ ಎಣ್ಣೆ ಮಾತ್ರ ಬದಲಿಸಿದರೆ ಹೊಸ ಎಣ್ಣೆಯೂ ಹಾಳಾಗುತ್ತದೆ. ಕೈಗಿಂತ ಮೊದಲು ಅರಿವು ನಡೆಯಲಿ ಎಂಬುದೇ ಕಾಯಕಜೀವಿಗಳಲ್ಲಿ ನಮ್ಮ ವಿನಂತಿ.